ಹೊಗಳಬಾರದ ಹುಳಗಳು

ಅಕ್ಟೋಬರ್ ೭, ಮಂಗಳವಾರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮರದಿಂದ ಬಿದ್ದು ಕಾಲು ಮುರಿದುಕೊಂಡವನು ಭಾವಮೈದ ಗಜೇನ್, ಶಿಕ್ಷೆ ನನಗೆ. ಜೋರ್ಹಾಟ್‌ನ ನನ್ನ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಚಹಾ ಕುಡಿಯಬೇಕಾದವನು, ದೋಣಿಯಲ್ಲಿ ಬ್ರಹ್ಮಪುತ್ರ ದಾಟಿ, ಅತ್ತೆಮನೆಯ ಸೋಮ್ ಮರಗಳ ತೋಪಿನಲ್ಲಿ ಹುಳ ಕಾಯಲು ಬಂದಿದ್ದೇನೆ. ಮೂವತ್ತೈದು ವರ್ಷ ನಮ್ಮ ಹೆಂಗಸರು ಉಡುವ ಪಾಲಿಯೆಸ್ಟರ್ ಮೇಖಲಾ-ಚಾದರ ಮಾರಿದವನಿಗೆ ಈ ವಯಸ್ಸಿನಲ್ಲಿ ಮೂಗಾ ರೇಷ್ಮೆಹುಳದ ಚಾಕರಿ.

“ಅಂಗಡಿ ನಾನು ನೋಡ್ಕೋತೀನಿ. ಅಮ್ಮನ ಕೈಲಿ ಒಬ್ಬಳೇ ಆಗಲ್ಲ, ನೀವು ಹೋಗಿ” ಎಂದು ತಿಲೋತ್ತಮಾ ನನ್ನ ಚೀಲ ಕಟ್ಟಿಯೇಬಿಟ್ಟಳು. ಹೆಂಡತಿ ಚೀಲ ಕಟ್ಟಿದ ಮೇಲೆ ಗಂಡಸು ಮಾತಾಡಿ ಪ್ರಯೋಜನವಿಲ್ಲ. ಫೆಬ್ರವರಿಯಲ್ಲಿ ಮಗಳು ಜುನ್ತರಾಳ ಮದುವೆ ಬೇರೆ. ಅಷ್ಟು ಕೆಲಸ ಬಿಟ್ಟು ಬಂದಿದ್ದೇನೆ.

ಬಂದ ಗಳಿಗೆಯಲ್ಲೇ ಎಡವಟ್ಟು. ಮರದ ಮೇಲೆ ಹಸಿರು ಹುಳಗಳು ಎಲೆ ಕೊರೆಯುತ್ತಿದ್ದವು. ಅಂಗಡಿಯವನ ನಾಲಿಗೆ, ಸುಮ್ಮನಿರುತ್ತದೆಯೇ. “ಆಹಾ, ಎಷ್ಟು ಚೆನ್ನಾಗಿವೆ ಆಯಿ. ಎಂಥ ದಷ್ಟಪುಷ್ಟ ಹುಳ” ಎಂದೆ. ಅತ್ತೆ ಭೋಗೇಶ್ವರಿ ಮೂರು ಸಲ ನೆಲಕ್ಕೆ ಉಗುಳಿದರು.

“ಬಾಯಿ ತೊಳ್ಕೊಂಡು ಬನ್ನಿ ಅಳಿಯಂದ್ರೆ. ತಲೆಗೆ ಹಚ್ಚಿರೋ ಆ ಗಮಗಮ ಎಣ್ಣೇನೂ ತೊಳ್ಕೊಂಡೇ ಬನ್ನಿ, ವಾಸನೆ ಹುಳಕ್ಕೆ ಆಗಲ್ಲ. ನನ್ನ ತೋಪಲ್ಲಿ ಹುಳಾನ ಯಾರೂ ಹೊಗಳಬಾರದು. ಬಯ್ಯೋಕೆ ಬರುತ್ತಾ ನಿಮಗೆ?”

“ಬರುತ್ತೆ ಆಯಿ.”

“ಹಾಗಾದ್ರೆ ಬಯ್ಕೊಂಡೇ ಇರಿ. ದೃಷ್ಟಿ ಬೀಳಲ್ಲ.”

ಬಾವಿಯ ತಣ್ಣೀರಿನಲ್ಲಿ ತಲೆ ತೊಳೆದೆ. ಈಗ ನೆಗಡಿ.

ಅಕ್ಟೋಬರ್ ೮

ಕಾವಲು ಗುಡಿಸಲಿನಲ್ಲಿ ಇಡೀ ದಿನ. ಆಯುಧಗಳು: ಮಣ್ಣಿನ ಗುಂಡು ಹೊಡೆಯುವ ಒಂದು ಬಿಲ್ಲು, ಹಗ್ಗ ಎಳೆದರೆ ಪಟಪಟ ಬಡಿಯುವ ಸೀಳುಬಿದಿರು, ನನ್ನ ಗಂಟಲು. ಶತ್ರುಗಳು: ಕಾಗೆ, ಕಣಜ, ಇರುವೆ, ಸಂಜೆಯಾದರೆ ಬಾವಲಿ. ಕಾಗೆಗೆ ಗುರಿಯಿಟ್ಟು ಹೊಡೆದ ಗುಂಡು ಅತ್ತೆಯ ಹಿತ್ತಾಳೆ ಬಿಂದಿಗೆಗೆ ತಗುಲಿತು. ಕಾಗೆ ಹಾರಲಿಲ್ಲ. ತಲೆ ಓರೆ ಮಾಡಿ ನೋಡಿತು.

ಹುಳಗಳು ತಿನ್ನುತ್ತವೆ. ತಿನ್ನುವುದು ಬಿಟ್ಟು ಬೇರೆ ಏನೂ ಗೊತ್ತಿಲ್ಲದ ಜನ್ಮ.

ಅಕ್ಟೋಬರ್ ೧೧, ಶನಿವಾರ

ಹೊಗಳಿಕೆಯ ಕಥೆ ಗಜೇನ್ ಹೇಳಿದ. ಹಾಸಿಗೆ ಹಿಡಿದವನಿಗೆ ಮಾತಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಬೇಲಿಯ ಆಚೆ ಪದುಮಿ ಅಜ್ಜಿಯ ಮನೆ. ಒಂದು ಕಾಲದಲ್ಲಿ ಅವಳೂ ಅತ್ತೆಯೂ ಒಂದೇ ತಟ್ಟೆಯಲ್ಲಿ ಉಂಡವರು. ನನ್ನ ಮದುವೆಯ ವರ್ಷ ಪದುಮಿ ತೋಪಿಗೆ ಬಂದು, “ಭೋಗೇಶ್ವರಿ, ಇಂಥ ಹುಳ ನಾನು ಹುಟ್ಟಿದಾಗಿನಿಂದ ನೋಡಿಲ್ಲ” ಎಂದಳಂತೆ. ಮಾರನೆಯ ಬೆಳಿಗ್ಗೆ ಹುಳಗಳು ತಲೆಕೆಳಗಾಗಿ ನೇತಾಡಿ ಸತ್ತಿದ್ದವು. “ಏನೋ ರೋಗ ಇತ್ತು ಭಾವ. ಊರಲ್ಲಿ ಎಲ್ಲರದ್ದೂ ಸತ್ತಿತ್ತು. ಆದ್ರೆ ಅಮ್ಮನಿಗೆ ಯಾರು ಹೇಳೋದು?” ಅವತ್ತು ಅತ್ತೆ ಬೇಲಿ ಕಟ್ಟಿಸಿದರು. ಅಂದಿನಿಂದ ಮಾತಿಲ್ಲ. ಪದುಮಿ ಹುಳ ಸಾಕುವುದನ್ನೇ ಬಿಟ್ಟಳು. ಅವಳ ಸೋಮ್ ಮರಗಳು ಸುಮ್ಮನೆ ಚಿಗುರಿ ನಿಂತಿವೆ.

ತಿಲೋತ್ತಮಾ ತೌರಿನ ಮೂಗಾ ಇಲ್ಲದೆ, ನನ್ನ ಅಂಗಡಿಯ ಬಟ್ಟೆ ಉಟ್ಟು ಮದುವೆಯಾದದ್ದು ನನಗೆ ನೆನಪಿದೆ. ಅಂದು ನನಗೆ ಹೆಮ್ಮೆಯೂ ಆಗಿತ್ತು. ಕಾರಣ ಕೇಳಿದ್ದು ಇವತ್ತೇ.

ಅಕ್ಟೋಬರ್ ೧೩

ಅತ್ತೆ ಗುಡಿಸಲಿಗೆ ಅವಲಕ್ಕಿ ಮೊಸರು ತಂದರು. ನಾನು ತಿನ್ನುವವರೆಗೂ ಎದುರಿಗೇ ಕೂತು ವಿಚಾರಣೆ.

“ನಿಮ್ಮ ನೂಲು ಎಲ್ಲಿಂದ ಬರುತ್ತೆ ಅಳಿಯಂದ್ರೆ?”

“ಸೂರತ್‌ನಿಂದ ಆಯಿ.”

“ಸೂರತ್‌ಗೆ ಎಲ್ಲಿಂದ ಬರುತ್ತೆ?”

“ಫ್ಯಾಕ್ಟರಿಯಿಂದ.”

“ಫ್ಯಾಕ್ಟರಿಗೆ?”

ನಾನು ಮೊಸರು ಕಲಸುತ್ತಾ ಕೂತೆ.

“ಹತ್ತಿ ಗಿಡದಲ್ಲಿ ಬಿಡುತ್ತೆ. ಸೆಣಬು ಕೆರೇಲಿ ಕೊಳೆಸಿದ್ರೆ ಬರುತ್ತೆ. ಎಂಡಿ ನೂಲಿಗೆ ಹರಳೆಲೆ ತಿನ್ನೋ ಹುಳ ಇದೆ. ಉಣ್ಣೆಗೆ ಬೆಟ್ಟದ ಕುರಿ ಇದೆ. ನಿಮ್ದಕ್ಕೆ ಅಪ್ಪ ಅಮ್ಮ ಯಾರೂ ಇಲ್ವಾ?”

ಇಷ್ಟು ವರ್ಷ ಅದೇ ಬಟ್ಟೆ ಮಡಚಿ ಬಿಚ್ಚಿ ಮಡಚಿದ್ದೇನೆ. ಒಬ್ಬ ಗಿರಾಕಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಸಿಟ್ಟು ಬಂತು. ಸಗಟು ವ್ಯಾಪಾರಿ ಮೆಹ್ತಾಗೆ ಫೋನ್ ಮಾಡಿದೆ. “ಹೋಲಿರಾಮ್ ಭಾಯಿ, ಹುಷಾರಾಗಿದ್ದೀರಾ?” ಎಂದು ಮೊದಲು ಕೇಳಿ, ಆಮೇಲೆ ಎಲ್ಲ ಬಿಡಿಸಿ ಹೇಳಿದ. ನೆಲದಡಿಯ ಎಣ್ಣೆಯಿಂದ ಮಾಡಿದ ಸಾಮಾನು, ಹರಳಿನ ಹಾಗೆ ಕಾಳುಕಾಳಾಗಿರುತ್ತದೆ. ಅದನ್ನು ಕರಗಿಸಿ ಕೂದಲಿನಷ್ಟು ಸಣ್ಣ ತೂತುಗಳಿಂದ ಒತ್ತಿದರೆ ಎಳೆಯಾಗಿ ಇಳಿಯುತ್ತದೆ.

ಅತ್ತೆಗೆ ಹೇಳಿದೆ. “ನಮ್ಮ ದಿಗ್ಬೋಯಿಯಲ್ಲಿ ನೆಲದಿಂದ ತೆಗೀತಾರಲ್ಲ, ಅಂಥ ಎಣ್ಣೆ.”

ನಗುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣರಳಿಸಿ ಕೇಳಿದರು. “ಹುಳಾನೂ ಹಾಗೇ. ತುಟಿ ಕೆಳಗಿರೋ ತೂತಿನಿಂದ ಎಳೆ ಬಿಡುತ್ತೆ. ಹಾಗಾದ್ರೆ ನಿಮ್ದು ಎಣ್ಣೆ ಕುಡಿದು ನೂಲು ಉಗುಳೋ ಕಬ್ಬಿಣದ ಹುಳ.”

“ಹಾಗೇ ಅನ್ನಿ.”

“ಅದಕ್ಕೆ ಕಾಗೆ ಕಾಟ ಇಲ್ಲ?”

“ಇಲ್ಲ ಆಯಿ.”

“ಪುಣ್ಯವಂತ ಹುಳ” ಎಂದು ತಟ್ಟೆ ಎತ್ತಿಕೊಂಡು ಹೋದರು.

ಅಕ್ಟೋಬರ್ ೧೬, ಗುರುವಾರ

ತಿಲೋತ್ತಮಾ ಫೋನ್ ಮಾಡಿದ್ದಳು. ವ್ಯಾಪಾರ ನನ್ನ ಕಾಲಕ್ಕಿಂತ ಜೋರಂತೆ.

“ಏನು ಹೇಳಿ ಮಾರ್ತೀಯ?”

“ಇದ್ದದ್ದು ಹೇಳ್ತೀನಿ. ಇದು ಪಾಲಿಯೆಸ್ಟರು, ಒಗೆದ್ರೆ ಗಳಿಗೇಲಿ ಒಣಗುತ್ತೆ, ಇಸ್ತ್ರಿ ಬೇಡ, ಬಸ್ಸಲ್ಲಿ ಓಡಾಡೋರಿಗೆ ಇದಕ್ಕಿಂತ ಬೇರೆ ಇಲ್ಲ ಅಂತೀನಿ. ನೀವು ಥೇಟ್ ಮೂಗಾ ಥರ ಅಂತಿದ್ರಿ. ಅದಕ್ಕೇ ಜನ ಅನುಮಾನ ಪಡ್ತಿದ್ರು.”

ಮದುವೆಗೆ ತನಗೆ ಬಟ್ಟೆ ಆರಿಸಿಟ್ಟಿದ್ದಾಳಂತೆ. “ನಮ್ಮಂಗಡೀದೇ, ಆ ಹೊಂಬಣ್ಣದ ಸೆಟ್ಟು. ದೂರದಿಂದ ನೋಡಿದ್ರೆ ಯಾರಿಗೆ ಗೊತ್ತಾಗುತ್ತೆ?” ಎಂದು ನಕ್ಕಳು. ನಾನೂ ನಕ್ಕೆ.

ಫೋನ್ ಇಟ್ಟ ಮೇಲೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಯಾರ ಜೊತೆ ಮಾತಾಡಿದೆ ಎಂದು ಕೇಳಲಿಲ್ಲ, ಗೊತ್ತಿತ್ತು. ಅವರೇ ಹೇಳಿದರು.

“ಈ ಬೆಳೆ ಅವಳಿಗೆ ಅಂತ ಬಿಟ್ಟಿದ್ದೀನಿ. ಜುನ್ತರಾಗಲ್ಲ, ನನ್ನ ಮಗಳಿಗೆ. ಅವಳ ಮದುವೇಲಿ ಕೊಡೋಕಾಗಲಿಲ್ಲ. ಅವಳ ಮಗಳ ಮದುವೇಲಿ ಮದುಮಗನ್ನ ಎದುರುಗೊಳ್ಳೋಕೆ ಅವಳು ಇದನ್ನ ಉಟ್ಕೊಂಡು ಬರಬೇಕು. ಇನ್ನೊಂದು ಬೆಳೆ ನೋಡೋಕೆ ನನ್ನ ಕಣ್ಣಿರಲ್ಲ, ಆಗಲೇ ಪೊರೆ ಬಂದಿದೆ. ಅವಳಿಗೆ ಹೇಳಬೇಡಿ. ಹುಳ ಸತ್ರೆ ಎರಡು ಸಲ ಇಲ್ಲ ಅಂದ ಹಾಗಾಗುತ್ತೆ.”

ನಾನು ಹೂಂ ಎಂದೆ. ಸಂಜೆ ಬಾವಲಿ ಬರುವ ಹೊತ್ತಿಗೆ ಗುಡಿಸಲಿನಿಂದ ಹೊರಗೆ ನಿಂತೇ ಹಗ್ಗ ಎಳೆದೆ.

ಅಕ್ಟೋಬರ್ ೧೮, ಕಾತಿ ಬಿಹು ಹಬ್ಬ

ಗದ್ದೆಗಳಲ್ಲೆಲ್ಲ ದೀಪ. ಅತ್ತೆ ತುಳಸಿಯ ಬುಡದಲ್ಲಿ ಹಚ್ಚಿ, ನನ್ನ ಕೈಗೂ ಒಂದು ಹಣತೆ ಕೊಟ್ಟರು. ತೋಪಿನ ಅಂಚಿನಲ್ಲಿ, ಹುಳಗಳಿಗೆ ಬಿಸಿ ತಾಗದಷ್ಟು ದೂರದಲ್ಲಿ ಇಟ್ಟೆ.

ಒಂದು ಹುಳ ಇದೆ. ಹಳೆಯ ಕಾಲದ ಕಂದಾಯ ವಸೂಲಿಯ ಮೌಜಾದಾರನ ಹಾಗೆ ಯಾರ ಕೊಂಬೆಗೆ ಬೇಕಾದರೂ ಹೋಗಿ ತಿಂದು, ಹೊಟ್ಟೆ ಹೊತ್ತುಕೊಂಡು ಮುಂದೆ ಹೋಗುತ್ತದೆ. ಬೆನ್ನಿನ ಮೇಲೆ ಕೆಂಪು ಚುಕ್ಕೆ. ಮೌಜಾದಾರ ಎಂದೇ ಕರೆಯುತ್ತಿದ್ದೇನೆ. ಲಜ್ಜೆಗೆಟ್ಟ ಪ್ರಾಣಿ. ಬೆಳಿಗ್ಗೆ ಕಾಣದಿದ್ದರೆ ಸಿಗುವ ತನಕ ಹುಡುಕಬೇಕು, ಅದೊಂದು ಕೆಲಸ.

ಅಕ್ಟೋಬರ್ ೨೧

ಕಾಗೆಗೆ ಗುಂಡು ತಗುಲಿತು. ಬಾಲಕ್ಕೆ. ಅತ್ತೆಗೆ ಹೇಳಿದೆ, ಗಜೇನ್‌ಗೆ ಹೇಳಿದೆ, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನಿಗೂ ಹೇಳಿದೆ.

ಅಕ್ಟೋಬರ್ ೨೫, ಶನಿವಾರ

ಮನಸ್ಸು ಸರಿಯಿಲ್ಲ. ಎಲೆ ಮುಗಿಯುತ್ತಾ ಬಂದಿದೆ. ಗೂಡು ಕಟ್ಟುವುದಕ್ಕೆ ಇನ್ನೂ ವಾರದ ಮೇಲೆ ಬೇಕು, ಮರಗಳು ಮಾತ್ರ ಈಗಲೇ ಬೋಳು. ಈ ಸಲ ಹುಳ ಹೆಚ್ಚು ಉಳಿದವು, ಅದೇ ಕಷ್ಟ. ಹೆಚ್ಚು ಉಳಿಯುವುದಕ್ಕೆ ಕಾರಣ ಕಾವಲುಗಾರ ಎಂದು ಗಜೇನ್ ಹೇಳಿದ. ಸುಮ್ಮನಿರಪ್ಪ ಎಂದೆ.

ಹಸಿದ ಹುಳಗಳು ಕಾಂಡ ಹಿಡಿದು ಕೆಳಗಿಳಿಯುತ್ತವೆ. ಬುಡಕ್ಕೆ ಸುತ್ತಿದ ಬಾಳೆಎಲೆಯ ಮೇಲೆ ಕಾಲು ಜಾರಿ ಅಲ್ಲೇ ಗುಂಪಾಗಿ ನಿಲ್ಲುತ್ತವೆ. ಬಿದಿರಿನ ಜಾಲರಿಯ ಮೇಲೆ ಹತ್ತಿಸಿ ಬೇರೆ ಮರಕ್ಕೆ ತೂಗುಹಾಕಬೇಕು. ಬೇರೆ ಮರ ಎಲ್ಲಿದೆ? ಬೇಲಿಯಾಚೆ ಪದುಮಿಯ ಮರಗಳು ಎಲೆ ತುಂಬಿಕೊಂಡು ತೊನೆಯುತ್ತಿವೆ.

“ಕೇಳೋಣ ಆಯಿ” ಎಂದೆ.

“ಸತ್ರೂ ಕೇಳಲ್ಲ.”

“ಸಾಯೋದು ನೀವಲ್ಲ, ಹುಳ.”

ಅತ್ತೆ ಎದ್ದು ಒಳಗೆ ಹೋದರು. ನಾನು ಹಾಗೆ ಹೇಳಬಾರದಿತ್ತು.

ಅಕ್ಟೋಬರ್ ೨೬, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಲೇಬೇಕು.

ಬೆಳಿಗ್ಗೆಯೇ ಹಿಂದಿನ ದಾರಿಯಿಂದ ಪದುಮಿ ಅಜ್ಜಿಯ ಅಂಗಳಕ್ಕೆ ಹೋದೆ. ಅಡಿಕೆ ಹೋಳು ಮಾಡುತ್ತಿದ್ದಳು. ಕತ್ತಿ ನಿಲ್ಲಿಸದೆ ಕೇಳಿದಳು, “ನಿಮ್ಮತ್ತೆ ಕಳ್ಸಿದ್ಲಾ?”

“ಇಲ್ಲ, ನಾನೇ ಬಂದೆ.”

“ಹಾಗಾದ್ರೆ ಮರ ಕೊಡಲ್ಲ. ನಾಳೆ ಒಂದು ಹುಳ ಸತ್ರೆ ಪದುಮಿ ಎಲೇಲಿ ವಿಷ ಅಂತಾಳೆ. ಒಂದ್ಸಲ ಅನ್ನಿಸ್ಕೊಂಡಿದ್ದು ಈ ಜನ್ಮಕ್ಕೆ ಸಾಕು.”

ಇಷ್ಟು ವರ್ಷದ ವ್ಯಾಪಾರದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಮದುವೆ ಎಂದೆ, ಪುಣ್ಯ ಎಂದೆ, ನೆರೆಹೊರೆ ಎಂದೆ. ಅಜ್ಜಿ ವೀಳ್ಯ ಕೊಟ್ಟು ಎಬ್ಬಿಸಿದಳು. ಅಂಗಳ ದಾಟುವಾಗ ಹಿಂದಿನಿಂದ ಒಂದು ಮಾತು ಕೇಳಿದಳು. “ಹುಳ ಹೇಗಿವೆ?”

“ದರಿದ್ರ ಹುಳ ಅಜ್ಜಿ. ಸೋಮಾರಿಗಳು, ಹೊಟ್ಟೆಬಾಕರು. ಒಂದಂತೂ ಇದೆ, ಅದರ ಮುಖ ನೋಡಿದ್ರೆ ಅನ್ನ ಹುಟ್ಟಲ್ಲ. ದಿನಾ ಬೆಳಿಗ್ಗೆ ಹುಡುಕಿಸುತ್ತೆ.”

ಅಜ್ಜಿ ನನ್ನ ಮುಖವನ್ನೇ ನೋಡಿದಳು. “ಅಷ್ಟು ಚೆನ್ನಾಗಿವೆಯಾ?” ಎಂದಳು.

ಮಧ್ಯಾಹ್ನ ಕಳೆಯಿತು. ಹೊತ್ತು ಇಳಿಯುವಾಗ ನಾವಿಬ್ಬರೂ ಬುಡದಲ್ಲಿ ಕೂತು, ಬಾಳೆಎಲೆಯ ಮೇಲೆ ಗುಂಪುಕಟ್ಟಿದ ಹುಳಗಳನ್ನು ಇದ್ದ ನಾಲ್ಕು ಎಲೆಯ ಕಡೆಗೆ ತಿರುಗಿಸುತ್ತಿದ್ದೆವು. ಬೇಲಿಯ ಕಡೆಯಿಂದ ಗಟ್ಟಿ ದನಿ ಬಂತು.

“ಏನೇ ಭೋಗೇಶ್ವರಿ, ಇವೇನಾ ನಿನ್ನ ಹುಳ? ನಮ್ಮನೆ ಪೊರಕೆಕಡ್ಡಿ ಇದಕ್ಕಿಂತ ದಪ್ಪ ಇದೆ.”

ಅತ್ತೆಯ ಕೈ ನಿಂತಿತು. ತಿರುಗಿ ನೋಡಲಿಲ್ಲ.

“ಥೂ, ಬಣ್ಣ ನೋಡು. ಕಾಮಾಲೆ ಬಂದೋರ ಹಾಗೆ. ಇವು ಗೂಡು ಕಟ್ಟಿದ್ರೆ ನನ್ನ ಹೆಸರು ಬದಲಾಯಿಸು.”

ನಾನು ಜಗಳ ಹತ್ತಿಕೊಂಡಿತು ಎಂದೇ ಎದ್ದು ನಿಂತೆ. ಅತ್ತೆ ನನ್ನ ಪಂಚೆಯ ಚುಂಗು ಹಿಡಿದು ಕೂರಿಸಿದರು. ಆಮೇಲೆ, ಇನ್ನೂ ಮರದ ಕಡೆಗೇ ಮುಖ ಮಾಡಿ, ಅವರೂ ಗಟ್ಟಿಯಾಗಿ ಹೇಳಿದರು.

“ನಿನ್ನ ಮರದ ಎಲೆ ಏನು ಮಹಾ? ಆಡು ಕೂಡ ಮೂಸಲ್ಲ.”

“ಮೂಸದಿದ್ರೆ ಒಳ್ಳೇದೇ ಆಯ್ತು. ತಂದು ಬಿಡು, ಉಪವಾಸ ಬೀಳಲಿ.”

“ಬಿಡ್ತೀನಿ. ಬೇಲಿ ಬಿಚ್ಚು.”

“ನೀನೇ ಬಿಚ್ಚು. ಕಟ್ಟಿದ್ದು ಯಾರು?”

ಕಟ್ಟಿದ್ದು ಯಾರಾದರೇನು, ಬಿಚ್ಚಿದ್ದು ನಾನು. ಮಚ್ಚು ತಂದು ಹಗ್ಗ ಕಡಿದು, ಎತ್ತಿನ ಗಾಡಿ ಹೋಗುವಷ್ಟು ಅಗಲ ಬೇಲಿ ಕಿತ್ತೆ. ಕತ್ತಲಾಗುವುದರೊಳಗೆ ಎಲ್ಲ ಹುಳಗಳನ್ನೂ ಜಾಲರಿಯಲ್ಲಿ ಸಾಗಿಸಿದೆವು. ಗಜೇನ್ ಕಂಕುಳ ಕೋಲೂರಿಕೊಂಡು ಬಂದು ಅದು ಮಾಡಿ ಇದು ಮಾಡಿ ಎನ್ನುತ್ತಿದ್ದ. ಇಬ್ಬರು ಮುದುಕಿಯರು ಜಾಲರಿಯ ಒಂದೊಂದು ತುದಿ ಹಿಡಿದು, ಹುಳಕ್ಕೂ ಮರಕ್ಕೂ ಪರಸ್ಪರರ ಸೊಂಟನೋವಿಗೂ ಬಾಯಿಗೆ ಬಂದ ಹಾಗೆ ಬಯ್ಯುತ್ತಾ ನಡೆದರು. ಅಷ್ಟು ಸಂತೋಷದ ಬೈಗುಳ ನಾನು ಬದುಕಿನಲ್ಲಿ ಕೇಳಿಲ್ಲ.

ಮೌಜಾದಾರ ಹೊಸ ಮರ ಸಿಕ್ಕಿದ ತಕ್ಷಣ ತಿನ್ನಲು ಶುರು. ಹಿಂದಿರುಗಿಯೂ ನೋಡಲಿಲ್ಲ.

ನವೆಂಬರ್ ೪, ಮಂಗಳವಾರ

ಹುಳಗಳು ಹಣ್ಣಾಗಿವೆ. ಸಂಜೆ ಹೊತ್ತಿಗೆ ಒಂದೊಂದೇ ತಾವಾಗಿ ಮರ ಇಳಿದು ಬಂದವು. ಈಗ ಹಸಿವಿಗಲ್ಲ, ಮನೆ ಕಟ್ಟಲು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಅತ್ತೆ ಕಲಿಸಿಕೊಟ್ಟರು. ಸದ್ದು ಬಂದದ್ದನ್ನು ಒಣ ಮಾವಿನೆಲೆಯ ಕಂತೆಯಲ್ಲಿ ಬಿಡಬೇಕು. ನಾನು ತಟ್ಟಿ ಕಿವಿಗೊಟ್ಟು ಆರಿಸಿದ್ದರಲ್ಲಿ ಅತ್ತೆ ಒಂದನ್ನೂ ವಾಪಸು ಕಳಿಸಲಿಲ್ಲ.

ನವೆಂಬರ್ ೭

ಕಂತೆಗೆ ಕಿವಿಯಿಟ್ಟರೆ ಒಳಗೆ ಕರಕರ ಕೇಳುತ್ತದೆ. ಕೇಳುತ್ತಾ ಕೂತಿದ್ದೆ. ಅನ್ನ ಆರಿಹೋಯಿತೆಂದು ಗಜೇನನ ಹೆಂಡತಿ ಬಂದು ಕರೆದಳು.

ನವೆಂಬರ್ ೧೨, ಬುಧವಾರ

ಇವತ್ತು ಗೂಡುಗಳನ್ನು ಬಿಸಿಗೆ ಇಡುವ ದಿನ. ಒಳಗಿರುವುದು ಸಾಯದಿದ್ದರೆ ಕೊರೆದುಕೊಂಡು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಗೊತ್ತಿರುವ ವಿಷಯವೇ. ಬೆಳಿಗ್ಗೆ ಅತ್ತೆಯ ಹತ್ತಿರ ಹೋಗಿ, ಒಂದು ಗೂಡನ್ನು ಬೀಜಕ್ಕೆ ಉಳಿಸಿ ಎಂದೆ.

“ಯಾವುದು?”

“ಆ ಮೂರನೇ ಕಂತೇದು, ಎಡಗಡೆ.”

“ಎಲ್ಲ ಒಂದೇ ಥರ ಇವೆ. ಅದೇ ಅಂತ ಹೇಗೆ ಗೊತ್ತು?”

“ಗೊತ್ತು ಆಯಿ.”

ಅವರು ಆ ಇಡೀ ಕಂತೆಯನ್ನೇ ಬೀಜಕ್ಕೆ ಎತ್ತಿಟ್ಟರು. ನಾನು ಹೊಳೆಯ ಕಡೆ ಹೋಗಿ ಸಂಜೆ ಬಂದೆ. ಊಟಕ್ಕೆ, ನೂಲಿಗೆ ಬಾರದ ಗೂಡುಗಳಿಂದ ತೆಗೆದ ಹುಳ ಹುರಿದು ಬಡಿಸಿದರು. ಚಿಕ್ಕಂದಿನಿಂದ ಉಪ್ಪು ಮೆಣಸು ಹಚ್ಚಿ ತಿಂದವನೇ. ಹೊಟ್ಟೆ ಸರಿಯಿಲ್ಲ ಎಂದೆ.

ನವೆಂಬರ್ ೨೦, ಗುರುವಾರ

ಗಜೇನ್ ಕೋಲಿಲ್ಲದೆ ನಡೆಯುತ್ತಿದ್ದಾನೆ. ನಾನು ಊರಿಗೆ ಹೊರಡಬಹುದು. ಆದರೆ ನೂಲು ತೆಗೆಯುವಾಗ ಒಲೆಯ ಉರಿ ಹದವಾಗಿರಬೇಕು. ಅದನ್ನು ನೋಡಿಕೊಳ್ಳುವವರು ಯಾರು?

ನೂಲು ತೆಗೆಯುವ ರಾಟೆಗೆ ಇಬ್ಬರು ಬೇಕು. ಒಬ್ಬಳು ಬೂದಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹಿಡಿದು ಕೊಡುತ್ತಾಳೆ, ಇನ್ನೊಬ್ಬಳು ತೊಡೆಯ ಮೇಲೆ ಹೊಸೆಯುತ್ತಾ ರಾಟೆ ತಿರುಗಿಸುತ್ತಾಳೆ. ಇಬ್ಬರ ಉಸಿರು ಕೂಡದಿದ್ದರೆ ನೂಲು ಗಂಟು ಗಂಟು. ಬೇಲಿ ಕಟ್ಟಿದ ಮೇಲೆ ಅತ್ತೆ ಸೊಸೆಯ ಜೊತೆ ಕೂತರು, ಕೂಲಿಯವರ ಜೊತೆ ಕೂತರು. ಗಂಟು ಹೋಗಿರಲಿಲ್ಲವಂತೆ. ಈಗ ಎಳೆ ಕೊಡುವವಳು ಪದುಮಿ. ಅತ್ತೆಯ ಕಣ್ಣಿಗೆ ಎಳೆ ಕಾಣಿಸುವುದೇ ಇಲ್ಲ. ತೊಡೆಗೆ ಗೊತ್ತಾಗುತ್ತದೆ.

“ಎಳೆ ಸಣ್ಣ ಆಯ್ತು ಕಣೇ.”

“ನಿನ್ನ ಕಾಲು ದಪ್ಪ ಆಯ್ತು.”

ಬಣ್ಣ ಹಾಕದೆ ಬರುವ ಬಣ್ಣ ಅದು. ಹಳದಿಯಲ್ಲ, ಕಂದು ಬಣ್ಣವೂ ಅಲ್ಲ. ನನ್ನ ಅಂಗಡಿಯಲ್ಲಿ ‘ಮೂಗಾ ಕಲರ್’ ಎಂದು ಬರೆದಿಟ್ಟ ಇಡೀ ಕಪಾಟಿದೆ. ಆ ಚೀಟಿ ಕಿತ್ತುಹಾಕು ಎಂದು ತಿಲೋತ್ತಮಾಗೆ ಹೇಳಬೇಕು. ಹೊಂಬಣ್ಣ ಎಂದು ಬರೆಯಲಿ, ಅದು ನಿಜ.

ಡಿಸೆಂಬರ್ ೨೩

ಮಗ್ಗದ ಸದ್ದು ಬೆಳಗಿನಿಂದ. ತಿಲೋತ್ತಮಾ ಫೋನಿನಲ್ಲಿ ಕೇಳಿದಳು, “ಏನದು ಟಕಟಕ?”

“ಟೀವಿ.”

“ಅಮ್ಮನ ಮನೇಲಿ ಟೀವಿ ಯಾವಾಗ ಬಂತು?”

“ಗಜೇನ್ ತಂದ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆಮೇಲೆ, “ಮಗಳ ಮದುವೆ ಕೆಲಸ ಇಷ್ಟಿದೆ, ಅಲ್ಲಿ ಕೂತು ಟೀವಿ ನೋಡ್ತಿದ್ದೀರಾ?” ಎಂದು ಸರಿಯಾಗಿ ಬೈದಳು. ಎಷ್ಟು ಹೊತ್ತು ಬೈದರೂ ಕೇಳೋಣ ಅನ್ನಿಸಿತು.

ಫೆಬ್ರವರಿ ೩, ಮಂಗಳವಾರ, ಜೋರ್ಹಾಟ್

ಮನೆ ತುಂಬ ನೆಂಟರು. ಮಧ್ಯಾಹ್ನ ದೋಣಿಯಿಂದ ಅತ್ತೆ, ಪದುಮಿ ಅಜ್ಜಿ ಇಬ್ಬರೂ ಬಂದಿಳಿದರು. ನೆಂಟರ ಮುಂದೆ ಬೇಡ ಎಂದು ಒಳಕೋಣೆಗೆ ಹೋಗಿ ಗಂಟು ಬಿಚ್ಚಿದರು.

ತಿಲೋತ್ತಮಾ ಬಟ್ಟೆಯ ನಡುವೆಯೇ ಬದುಕಿದವಳು. ಎರಡು ಬೆರಳಿನ ನಡುವೆ ಅಂಚು ಹಿಡಿದಳು, ಅಷ್ಟೇ. ಗೊತ್ತಾಯಿತು.

“ಎಷ್ಟು ಚೆನ್ನಾಗಿ ನೇಯ್ದಿದ್ದೀಯ ಆಯಿ. ಜುನ್ತರಾನ ಕರೀತೀನಿ ಇರು.”

“ಅವಳನ್ನ ಯಾಕೆ ಕರೀತೀಯ?”

“ಅವಳಿಗೆ ತಾನೆ?”

“ಅವಳಿಗೆ ಅವಳಮ್ಮ ಕೊಡಲಿ. ನಾನು ನನ್ನ ಮಗಳಿಗೆ ತಂದಿದ್ದೀನಿ.”

ತಿಲೋತ್ತಮಾ ಮಂಚದ ಮೇಲೆ ಕೂತಳು. ಐವತ್ತೇಳು ವರ್ಷದ ಹೆಂಗಸು, ಇಡೀ ಮದುವೆಯನ್ನು ಒಬ್ಬಳೇ ಹೊತ್ತು ನಡೆಸುತ್ತಿರುವವಳು, ಬಟ್ಟೆಯನ್ನು ಎದೆಗವಚಿಕೊಂಡು ಎಳೆಹುಡುಗಿಯ ಹಾಗೆ ಅತ್ತಳು. ಅತ್ತೆ ಅವಳ ತಲೆ ಸವರುತ್ತಾ, “ಹುಳ ಕಾದೋರು ನಿನ್ನ ಗಂಡ” ಎಂದರು. ಅವಳು ಕಣ್ಣೊರೆಸಿಕೊಳ್ಳದೆ ನನ್ನನ್ನು ನೋಡಿದಳು. ಅಡುಗೆಯವರು ಕರೆಯುತ್ತಿದ್ದಾರೆಂದು ಸುಳ್ಳು ಹೇಳಿ ನಾನು ಹೊರಗೆ ಬಂದೆ.

ಫೆಬ್ರವರಿ ೬, ಶುಕ್ರವಾರ

ಮದುವೆ ನಿನ್ನೆ ಚೆನ್ನಾಗಿ ಆಯಿತು. ಜುನ್ತರಾ ನಗುನಗುತ್ತಾ ಹೋದಳು. ಮೀನು ಸ್ವಲ್ಪ ಕಡಿಮೆ ಬಿತ್ತು, ಯಾರೂ ಆಡಿಕೊಳ್ಳಲಿಲ್ಲ.

ಗಂಡಿನ ಕಡೆಯವರು ಬಂದದ್ದು ದೀಪ ಹಚ್ಚಿದ ಮೇಲೆ. ಬಾಗಿಲಿನಲ್ಲಿ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಉಲುಲು ಎಂದು ಮಂಗಳಧ್ವನಿ ಮಾಡಿದರು, ಕೊಂಬು ಊದಿದರು. ತಿಲೋತ್ತಮಾ ಒಳಗಿನಿಂದ ದೀಪದ ತಟ್ಟೆ ಹಿಡಿದು ಬಂದಳು. ಮೂಗಾದ ಮೇಲೆ ದೀಪದ ಬೆಳಕು ಬಿತ್ತು. ನಾನು ಕಂಬದ ಪಕ್ಕದಲ್ಲಿ ಅವಳನ್ನೇ ನೋಡುತ್ತಾ ನಿಂತಿದ್ದೆ. ಮದುಮಗನನ್ನು ಕೈಹಿಡಿದು ಕರೆತರಬೇಕಾದವನು ನಾನೇ ಅಂತೆ, ಗಜೇನ್ ಎರಡು ಸಲ ತಿವಿದನಂತೆ. ಕೊನೆಗೆ ಅವನೇ ಹೋಗಿ ಕರೆತಂದ.

ಬೆಳಗಿನಿಂದ ಒಂದೇ ಸಮ ಫೋನು. ಬರಲಾಗದ ನೆಂಟರೆಲ್ಲ ಅಳಿಯ ನೋಡಲು ಹೇಗಿದ್ದಾನೆ ಎಂದು ಕೇಳುತ್ತಿದ್ದಾರೆ. ಫೋಟೊ ಬರಲಿ, ನೋಡಿ ಹೇಳುತ್ತೇನೆ ಎಂದಿದ್ದೇನೆ.